ಕೀಲಿ ತಗೊಂಡಾಕಿ

ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ ಬೆಳಗಾಗುವ ಹೊತ್ತಿಗೆ ಟ್ರ್ಯಾಕ್ಟರು ಹೊರಡಿಸುವವರಿಗೆಲ್ಲ ಸುಧಾರಾಣಿಯ ಬಿಳಿ ಆಲ್ಟೊ ಕಾರಿನ ಪರಿಚಯವಿತ್ತು. ಹಿಂದಿನ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ 'ಎಲ್' ಅಕ್ಷರ, ಅದರ ಕೆಳಗೆ 'ಸುಧಾರಾಣಿ ಮಹಿಳಾ ಡ್ರೈವಿಂಗ್ ಸ್ಕೂಲ್' ಎಂಬ ಬರಹ. ಆ ಕಾರು ನಡುರಸ್ತೆಯಲ್ಲಿ ಕುಲುಕಿ ಬಂದ್ ಬಿದ್ದರೂ ಕಬ್ಬಿನ ಗಾಡಿಯವರು ಬೈಯುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದು ಬೆವರುತ್ತಿರುವವಳು ತಮ್ಮ ಮಗಳ ಟೀಚರೋ, ಸೊಸೆಯ ಹೆರಿಗೆ ಮಾಡಿಸಿದ ನರ್ಸೋ ಆಗಿರಬಹುದೆಂದು ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಸುಧಾರಾಣಿ ಹಲಗೇರಿಯ ಮಾಲತೇಶಪ್ಪನ ಮಗಳು. ಮಾಲತೇಶಪ್ಪ ಟೆಂಪೊ ಇಟ್ಟುಕೊಂಡು ಸುತ್ತಲಿನ ಹಳ್ಳಿಗಳಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರುತ್ತಿದ್ದ. ಚೀಲ ಇಳಿಸಿ ಬರಿದಾದ ಗಾಡಿಯಲ್ಲಿ, ಘಾಟಿಗೆ ಸೀನುತ್ತಲೇ, ಅವಳು ಕ್ಲಚ್ಚು ಬಿಡುವುದನ್ನು ಕಲಿತಳು. "ಹೆಣ್ಣಹುಡುಗಿಗೆ ಸ್ಟೇರಿಂಗ್ ಯಾತಕ್ಕ?" ಎಂದು ತಾಯಿ ಹೊಳಿಯವ್ವ ಗೊಣಗಿದರೆ, "ಆಕಿಗೂ ಎರಡು ಕೈ ಅದಾವಲ್ಲ" ಎನ್ನುವುದಷ್ಟೇ ಮಾಲತೇಶಪ್ಪನ ಉತ್ತರ. ಅವನು ತೀರಿಕೊಂಡ ಮೇಲೆ ಟೆಂಪೊ ಮಾರಿ ಹಳೆಯ ಆಲ್ಟೊ ತಗೊಂಡು, ಎಡಗಡೆಯ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಕೂಡಿಸಿ, ಸುಧಾರಾಣಿ ಹೆಂಗಸರಿಗೆ ಗಾಡಿ ಕಲಿಸಲು ನಿಂತಳು. ರಾಣೆಬೆನ್ನೂರಿಗೆ ಅದು ಹೊಸದು. ಮೊದಲ ವರ್ಷ ಜನ ನಕ್ಕರು, ಎರಡನೆಯ ವರ್ಷ ತಮ್ಮ ಹೆಂಡಿರನ್ನು ಕಳಿಸಿದರು.

ಅವಳ ಪಾಠದ ರೀತಿಯೇ ಬೇರೆ. "ರಸ್ತೆ ಅಂದ್ರ ಮಾತುಕತಿ ಇದ್ದಂಗ್ರಿ," ಎನ್ನುತ್ತಿದ್ದಳು. "ಹಾರ್ನ್ ಹೊಡಿಯದಿದ್ರ ನೀವು ಬರಾಕತ್ತೀರಿ ಅಂತ ಎದುರಿನವಗ ಹೆಂಗ ಗೊತ್ತಾಗಬೇಕು? ಬಸ್ಸಿನವ ಲೈಟ್ ಮಿಣಕಿಸಿದ್ರ 'ನಾ ನಿಲ್ಲಂಗಿಲ್ಲ' ಅಂದಂಗ, ಸರದ ಬಿಡ್ರಿ. ಎಮ್ಮಿ ಅಡ್ಡ ಬಂದ್ರ ಅದರ ಮುಖ ನೋಡಬ್ಯಾಡ್ರಿ, ಹಿಂದ ಮೇಯಿಸಾಕಿ ಎಲ್ಲದಾಳ ನೋಡ್ರಿ. ಹಿಂದಿನ ಚಿಂತಿ ಹಿಂದಿನವಗ ಬಿಡ್ರಿ. ನಿಮ್ಮದು ಮುಂದ." ಅವಳ ಬಲಗಾಲು ಸದಾ ತನ್ನ ಬ್ರೇಕಿನ ಮೇಲೆ ತೂಗುತ್ತಿತ್ತು. ಕಲಿಯುವವಳು ಹೆದರುವ ಒಂದು ಕ್ಷಣ ಮೊದಲೇ ಆ ಕಾಲಿಗೆ ಸುದ್ದಿ ಮುಟ್ಟಿರುತ್ತಿತ್ತು.

ಸುಭಾಷ ಅವಳ ಬಳಿ ಬಂದದ್ದೂ ಕಲಿಯಲಿಕ್ಕೆ. ಬ್ಯಾಡಗಿಯವನು, ಹಾವೇರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಾಗಿದ್ದ. ಬೇರೆ ಸ್ಕೂಲಿನಲ್ಲಿ ಹುಡುಗರು ತನ್ನನ್ನು ನೋಡಿ ನಗುತ್ತಾರೆ ಎಂದು ಮಹಿಳಾ ಸ್ಕೂಲಿನ ಬಾಗಿಲಿಗೆ ಬಂದು ನಿಂತಿದ್ದ. ಕೋಳಿ ಕಂಡರೂ ಬ್ರೇಕು ತುಳಿಯುವ ಸ್ವಭಾವ. ಹಲಗೇರಿ ರಸ್ತೆಯ ಮೇಲೆ ಲಾರಿ ಎದುರಾದರೆ ಕಣ್ಣೇ ಮುಚ್ಚಿಬಿಡುತ್ತಿದ್ದ. ಉಳಿದವರು ಒಂದು ತಿಂಗಳಲ್ಲಿ ಕಲಿತದ್ದಕ್ಕೆ ಅವನು ಮೂರು ತಿಂಗಳು ತಗೊಂಡ. ಆ ಮೂರು ತಿಂಗಳಲ್ಲಿ ಸುಧಾರಾಣಿಗೆ ಅವನ ಮೆಲುಮಾತು ಹಿಡಿಸಿತು, ತಪ್ಪು ಮಾಡಿದಾಗ ನಾಚಿ ನಗುವುದು ಹಿಡಿಸಿತು. ಮದುವೆಯಾದರು. ಮದುವೆಯ ಮರುದಿನ ದೇವರಗುಡ್ಡಕ್ಕೆ ಹೋಗುವಾಗ ಗಾಡಿ ಹೊಡೆದದ್ದು ಅವಳೇ. ಅತ್ತೆ ಚೌಡವ್ವ ಹಿಂದಿನ ಸೀಟಿನಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಬಂದಳು. ಮಗ ಪಕ್ಕದಲ್ಲಿ ಕೂತು ಸೊಸೆ ಸ್ಟೇರಿಂಗ್ ಹಿಡಿದದ್ದು ಅವಳ ಮನಸ್ಸಿಗೆ ಒಪ್ಪಲಿಲ್ಲ. ಸುಭಾಷನಿಗೆ ಆಗ ಅದರಲ್ಲಿ ಏನೂ ಅನ್ನಿಸಿರಲಿಲ್ಲ. "ನನಗ ಕಲಿಸಿದ ಗುರುನ ಆಕಿ," ಎಂದು ಎಲ್ಲರೆದುರೂ ಹೇಳುತ್ತಿದ್ದ.

ಜರ್ಮನಿಗೆ ನರ್ಸುಗಳು ಬೇಕಾಗಿದ್ದಾರೆ ಎಂಬ ಸುದ್ದಿ ಹಾವೇರಿಗೂ ಬಂತು. ಸುಭಾಷ ಬೆಂಗಳೂರಿನಲ್ಲಿ ಉಳಿದು ಭಾಷೆ ಕಲಿತ, ಪರೀಕ್ಷೆ ಪಾಸಾದ, ಮೊದಲು ಒಬ್ಬನೇ ಹೋದ. ಕಾಸೆಲ್ ಎಂಬ ಊರಿನಿಂದ ಅರ್ಧ ತಾಸಿನ ದೂರದಲ್ಲಿ ಒಂದು ಹಳ್ಳಿ. ವಯಸ್ಸಾದವರ ಮನೆಮನೆಗೆ ಹೋಗಿ ಔಷಧಿ ಕೊಟ್ಟು, ಮೈತೊಳೆದು, ಗಾಯ ಕಟ್ಟಿ ಬರುವ ಕೆಲಸ. ಮನೆಗಳು ಒಂದೊಂದು ಒಂದೊಂದು ಊರಿನಲ್ಲಿ, ಹೀಗಾಗಿ ಕಾರು ಓಡಿಸದೆ ಆ ಕೆಲಸವಿಲ್ಲ. ಅಲ್ಲಿನ ಡ್ರೈವಿಂಗ್ ಪರೀಕ್ಷೆಯನ್ನು ಸುಭಾಷ ಮೊದಲ ಸಲಕ್ಕೇ ಪಾಸಾದ. ಆ ಸುದ್ದಿ ಬಂದ ದಿನ ಸುಧಾರಾಣಿ ತನ್ನ ವಿದ್ಯಾರ್ಥಿನಿಯರಿಗೆಲ್ಲ ಪೇಡೆ ಹಂಚಿದಳು.

ಮುಂದಿನ ವರ್ಷ ಅವಳನ್ನು ಕರೆಸಿಕೊಂಡ. ಸ್ಕೂಲನ್ನೂ ಕಾರನ್ನೂ ಅವಳು ಅಸ್ಲಮ್‌ನ ಕೈಗೆ ಒಪ್ಪಿಸಿದಳು. ಅಸ್ಲಮ್ ಅವಳ ಬಳಿಯೇ ಕಲಿತು, ಸಂಜೆಯ ಪಾಠ ನೋಡಿಕೊಳ್ಳುತ್ತಿದ್ದವನು. "ಅಕ್ಕಾ, ನೀವು ಬರೂಮಟ ಬೋರ್ಡಿನ ಒಂದ ಅಕ್ಷರಾನೂ ಅಳಸಂಗಿಲ್ಲ," ಎಂದು ಮಾತು ಕೊಟ್ಟ.

ಆ ಊರಿನಲ್ಲಿ ಅವಳಿಗೆ ಮೊದಲು ಎದ್ದು ಕಂಡದ್ದು ರಸ್ತೆಯ ಮೌನ. ಇಷ್ಟು ಗಾಡಿಗಳು ಓಡಾಡುತ್ತವೆ, ಒಂದೂ ಹಾರ್ನು ಇಲ್ಲ. ಎದುರಿನವನು ಲೈಟ್ ಮಿಣುಕಿಸಿದರೆ 'ನೀನು ಹೋಗು' ಎಂದರ್ಥವಂತೆ. ಅವಳು ಎರಡು ಸಲ ಹೆದರಿ ಬದಿಗೆ ನಿಲ್ಲಿಸಿ, ಎದುರಿನ ಮುದುಕ ತಾನೂ ನಿಲ್ಲಿಸಿ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತದ್ದುಂಟು. ನಡೆದು ದಾಟುವವರಿಗೆಂದು ರಸ್ತೆಗೆ ಅಡ್ಡ ಬಳಿದ ಬಿಳಿ ಪಟ್ಟೆಯ ಬಳಿ ಯಾರಾದರೂ ಸುಮ್ಮನೆ ನಿಂತಿದ್ದರೂ ಗಾಡಿ ನಿಲ್ಲಬೇಕು. ರಸ್ತೆಯ ಬಲಬದಿಗೆ ಓಡಿಸುವುದು ಹೇಗೋ ರೂಢಿಯಾಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಓಣಿಗಳ ಕಾನೂನು. ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೇ ಮೊದಲ ಹಕ್ಕು. ಅವನ ದಾರಿ ಸಂದಿಯಷ್ಟು ಕಿರಿದಾಗಿರಲಿ, ಅವನದು ಸೈಕಲ್ಲೇ ಆಗಿರಲಿ, ದೊಡ್ಡ ರಸ್ತೆಯವನು ನಿಲ್ಲಬೇಕು. ನಮ್ಮ ಕಡೆ ದೊಡ್ಡ ಗಾಡಿಯವನಿಗೆ, ಮೊದಲು ಮೂತಿ ತೂರಿಸಿದವನಿಗೆ, ಜೋರಾಗಿ ಹಾರ್ನು ಹೊಡೆದವನಿಗೆ ದಾರಿ. ಅವಳ ಕಣ್ಣು, ಕಾಲು, ಕೈ ಹುಟ್ಟಿದಾಗಿನಿಂದ ಅದನ್ನೇ ಓದಿಕೊಂಡು ಬಂದಿದ್ದವು.

ಮೊದಲ ಆರು ತಿಂಗಳು ಹಾವೇರಿಯ ಲೈಸೆನ್ಸೇ ಅಲ್ಲಿ ನಡೆಯುತ್ತಿತ್ತು. ಆ ಅವಧಿಯಲ್ಲಿ ಸುಭಾಷನ ರಜೆಯ ದಿನ ಅವಳು ಗಾಡಿ ಹೊಡೆಯುತ್ತಿದ್ದಳು, ಅವನು ಪಕ್ಕದಲ್ಲಿ ಕೂರುತ್ತಿದ್ದ. ಅಲ್ಲಿಯೇ ಏನೋ ಬದಲಾಗತೊಡಗಿತು.

"ಬಲಕ್ಕ ನೋಡು. ಬಲಕ್ಕ! ಬಲಕ್ಕ ನೋಡಂದ್ರ ಎಲ್ಲಿ ನೋಡಾಕತ್ತೀದಿ?"

"ನೋಡಿದ್ನೋ, ಯಾರೂ ಇರಲಿಲ್ಲ."

"ಇಲ್ಲದಿದ್ರೂ ಕತ್ತ ತಿರುಗಿಸಬೇಕ. ಇದು ರಾಣೆಬೆನ್ನೂರಲ್ಲ."

ಅವನ ದನಿಯಲ್ಲಿ ಮೆಲುಮಾತು ಹೋಗಿ ಬೇರೇನೋ ಬಂದಿತ್ತು. ಇಡೀ ದಿನ ಆ ದೇಶದವರ ಮನೆಗಳಲ್ಲಿ ತಲೆ ತಗ್ಗಿಸಿ, ತಪ್ಪಿದ ಒಂದೊಂದು ಶಬ್ದಕ್ಕೂ ಕ್ಷಮೆ ಕೇಳಿ ಬರುವವನಿಗೆ, ತಾನು ಬಲ್ಲೆ ಎಂದು ಗದರಿಸಲು ಸಿಕ್ಕ ಒಂದೇ ಜಾಗ ಆ ಕಾರಿನ ಪಕ್ಕದ ಸೀಟು. ಸುಧಾರಾಣಿಗೆ ಇದು ತಿಳಿಯುತ್ತಿತ್ತು. ತಿಳಿದದ್ದರಿಂದಲೇ ಬಾಯಿ ಬಿಗಿಹಿಡಿದಳು.

ಆರು ತಿಂಗಳು ಮುಗಿದವು. ಇನ್ನು ಅಲ್ಲಿನ ಪರೀಕ್ಷೆ ಪಾಸಾಗದೆ ಸ್ಟೇರಿಂಗ್ ಮುಟ್ಟುವಂತಿರಲಿಲ್ಲ. ಅವರ ಹಳ್ಳಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ಭಾನುವಾರ ಅದೂ ಇಲ್ಲ. ಹಾಲು ತೀರಿದರೂ ಸುಭಾಷ ಬರುವವರೆಗೆ ಕಾಯಬೇಕು. ಸುಧಾರಾಣಿ ಪ್ರಶ್ನೆಗಳನ್ನು ಉರುಹೊಡೆದು ಬರವಣಿಗೆಯ ಪರೀಕ್ಷೆ ದಾಟಿದಳು. ಗಾಡಿ ಓಡಿಸುವ ಪರೀಕ್ಷೆಯ ಮಾತೆಲ್ಲ ಜರ್ಮನ್ ಭಾಷೆಯಲ್ಲೇ ಎಂದು ತಿಳಿದು, ಅಡುಗೆ ಮಾಡುವಾಗಲೂ ಫೋನು ಹಚ್ಚಿಟ್ಟು ರಸ್ತೆಯ ಶಬ್ದಗಳನ್ನು ಕಲಿತಳು. ತಿರುವು, ಬ್ರೇಕು, ಕೀಲಿ, ದಾರಿಯ ಹಕ್ಕು. ಹವಾಮಾನದ ಬಗ್ಗೆ ಒಂದು ವಾಕ್ಯ ಬರುತ್ತಿರಲಿಲ್ಲ, ಆದರೆ ಕಾರಿನ ಒಂದೊಂದು ಭಾಗದ ಹೆಸರೂ ಬಾಯಿಗೆ ಬರುತ್ತಿತ್ತು.

ಅಲ್ಲಿಯ ಡ್ರೈವಿಂಗ್ ಸ್ಕೂಲಿನ ಶಿಕ್ಷಕ ಹೋಲ್ಗರ್ ಒಳ್ಳೆಯ ಮನುಷ್ಯ, ನರೆತ ಗಡ್ಡದವನು. ಅವನೂ ಪಕ್ಕದ ಸೀಟಿನಲ್ಲಿ ಜೋಡಿ ಬ್ರೇಕಿನ ಮೇಲೆ ಕಾಲು ತೂಗಿಸಿಕೊಂಡು ಕೂರುತ್ತಿದ್ದ. ತಾನೂ ಇದೇ ಕೆಲಸದವಳು ಎಂದು ಹೇಳಿದಾಗ ಅವನು ಸಂತೋಷಪಟ್ಟ. ಆದರೆ ಪರೀಕ್ಷೆಯ ದಿನ ಹಿಂದಿನ ಸೀಟಿನಲ್ಲಿ ಪರೀಕ್ಷಕ ಕೂತಿರುತ್ತಾನೆ. ಶಿಕ್ಷಕ ಬ್ರೇಕು ತುಳಿದ ಗಳಿಗೆಗೆ ಪರೀಕ್ಷೆ ಮುಗಿದಂತೆ.

ಮೊದಲ ಸಲ ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಗೆ ಒಂದು ವಸತಿ ಓಣಿ. ಎರಡೂ ಬದಿಗೆ ಗುಲಾಬಿಯ ಬೇಲಿ. ಬಲಗಡೆಯ ಸಂದಿಯಿಂದ ಒಂದು ಪುಟ್ಟ ಕಾರು ಬಂತು. ಸುಧಾರಾಣಿ ಅದನ್ನು ನೋಡಿದಳು. ನೋಡಿಯೂ ಅವಳ ಕಾಲು ಹಳೆಯ ಲೆಕ್ಕದಲ್ಲೇ ಇತ್ತು. ನಾನು ದೊಡ್ಡ ರಸ್ತೆಯಲ್ಲಿದ್ದೇನೆ, ಅವನು ನಿಲ್ಲುತ್ತಾನೆ. ಅಷ್ಟರಲ್ಲಿ ತಾನು ಒತ್ತದ ಬ್ರೇಕು ಕೆಳಗಿಳಿದು ಕಾರು ನಿಂತಿತು. ಆ ನಿಲುಗಡೆ ಅವಳಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ ಪಕ್ಕಕ್ಕೆ ತಿರುಗಿ ನೋಡುವ ಅಗತ್ಯವೂ ಇರಲಿಲ್ಲ. ಹೋಲ್ಗರ್ ಕಿಟಕಿಯಾಚೆ ನೋಡುತ್ತಿದ್ದ. ಎಷ್ಟೋ ಹೆಂಗಸರ ಎದುರು ತಾನೂ ಹಾಗೆಯೇ ಕಿಟಕಿಯಾಚೆ ನೋಡಿದ್ದಳು, ಅವರಿಗೆ ನಾಚಿಕೆಯಾಗದಿರಲಿ ಎಂದು. ಅದರಿಂದ ಅವರ ನಾಚಿಕೆ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ ಎನ್ನುವುದು ಆಗ ತಿಳಿಯಿತು.

ಎರಡನೆಯ ಸಲ ಹೆದ್ದಾರಿ ಸೇರುವ ಕಡೆ ತಪ್ಪಿದಳು. ವೇಗ ಹೆಚ್ಚಿಸಿ ಓಡುವ ಗಾಡಿಗಳ ನಡುವೆ ಸೇರಿಕೊಳ್ಳಬೇಕಿತ್ತು. ಅವಳು ಸೇರುವ ದಾರಿಯ ತುದಿಗೆ ಬಂದು ನಿಲ್ಲಿಸಿಬಿಟ್ಟಳು.

ಸೋತದ್ದಕ್ಕಿಂತ ಹೆಚ್ಚು ನೋಯಿಸಿದ್ದು ಸುಭಾಷ. ಕೆಲಸದ ಗೆಳೆಯರು ಊಟಕ್ಕೆ ಬಂದಾಗಲೆಲ್ಲ ಆ ಕಥೆ ಹೊರಗೆ ಬರುತ್ತಿತ್ತು. "ಇವಳು ನಮ್ಮೂರಲ್ಲಿ ಡ್ರೈವಿಂಗ್ ಸ್ಕೂಲಿನ ಮಾಲಕಿ," ಎಂದು ಜರ್ಮನ್ನಿನಲ್ಲಿ ಶುರು ಮಾಡಿ, ಸ್ವಲ್ಪ ತಡೆದು, "ಎರಡು ಸಲ ನಪಾಸು" ಎಂದು ಮುಗಿಸುತ್ತಿದ್ದ. ಮೇಜಿನ ಸುತ್ತ ನಗು ಏಳುತ್ತಿತ್ತು. ಆ ಭಾಷೆಯಲ್ಲಿ ಜನರನ್ನು ನಗಿಸುವುದು ಅವನಿಗೆ ಮೊದಲು ಒಲಿದದ್ದೇ ಈ ಒಂದು ಕಥೆಯಿಂದ. ಬಂದವರು ಹೋದ ಮೇಲೆ ಅವಳು ಒಮ್ಮೆ ಕೇಳಿದಳು, "ನೀ ಲಾರಿ ಕಂಡ್ರ ಕಣ್ಣ ಮುಚ್ಚತಿದ್ದದ್ದ ಯಾಕ ಹೇಳಂಗಿಲ್ಲ?"

"ಚ್ಯಾಷ್ಟಿ ತಿಳಿಯಂಗಿಲ್ಲ ನಿನಗ," ಎಂದು ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ.

ಬೇಸಿಗೆಯ ಒಂದು ಭಾನುವಾರ ಪಕ್ಕದ ಹಳ್ಳಿಯಲ್ಲಿ ಸುಭಾಷನ ಸಹೋದ್ಯೋಗಿಯೊಬ್ಬಳ ಮನೆಯಂಗಳದಲ್ಲಿ ಊಟವಿತ್ತು. ಕೆಂಡದ ಮೇಲೆ ಮಾಂಸ ಸುಡುತ್ತಿದ್ದರು, ಬಿಯರು ತುಂಬಿ ತುಂಬಿ ಕೊಡುತ್ತಿದ್ದರು. ಬೇಡವೆನ್ನುವುದು ಸುಭಾಷನಿಗೆ ಆ ದೇಶಕ್ಕೆ ಹೋದಾಗಿನಿಂದ ಮರೆತೇಹೋಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಮನೆಗೆ ಹೊರಟಾಗ ಅವನು ಕಾರಿನ ಬಳಿ ನಿಂತು ಕೀಲಿಯನ್ನು ಅವಳ ಕೈಗಿಟ್ಟ.

"ನೀನ ಹೊಡಿ."

"ನನ್ನ ಲೈಸೆನ್ಸ್ ನಡಿಯಂಗಿಲ್ಲಲ್ಲ."

"ಕುಡದು ಹೊಡದ್ರ ನನ್ನ ಲೈಸೆನ್ಸ್ ಹೋಕ್ಕತಿ. ಲೈಸೆನ್ಸ್ ಹೋದ್ರ ಕೆಲಸ ಹೋತು, ಕೆಲಸ ಹೋದ್ರ ಇಬ್ಬರದೂ ವೀಸಾ ಹೋತು. ಇಲ್ಲೇ ನಾಕು ಹೆಜ್ಜಿ, ಆಯಿತವಾರ ಯಾರ ಇರ್ತಾರ ರಸ್ತ್ಯಾಗ?"

"ಕಾರು ಇಲ್ಲೇ ಬಿಟ್ಟು ನಡಕೋತ ಹೋಗೂಣು."

"ಅವರೆಲ್ಲಾ ನೋಡಾಕತ್ತಾರ. ಹತ್ತು ಲಗೂನ."

ಅವಳು ಹತ್ತಿದಳು. ಅವನ ಒತ್ತಾಯಕ್ಕೆ ಮಾತ್ರ ಹತ್ತಿದಳೆಂದರೆ ಪೂರ್ತಿ ನಿಜವಾಗಲಾರದು. ಎಷ್ಟೋ ತಿಂಗಳ ಮೇಲೆ ಸ್ಟೇರಿಂಗ್ ಕೈಗೆ ಬಂದಿತ್ತು. ಎರಡೂ ಬದಿಗೆ ಹಳದಿ ಹೂವಿನ ಹೊಲ, ಖಾಲಿ ರಸ್ತೆ. ಪಕ್ಕದಲ್ಲಿ ಸುಭಾಷ ಆಗಲೇ ತೂಕಡಿಸುತ್ತಿದ್ದ, ಗದರಿಸುವವರಿಲ್ಲ. ಬಲಗಡೆಯ ಒಂದೊಂದು ಸಂದಿಗೂ ಅವಳು ನಿಧಾನ ಮಾಡಿದಳು, ಕತ್ತು ತಿರುಗಿಸಿ ನೋಡಿದಳು. ಒಂದು ಕಡೆ ಸೈಕಲ್ ಹುಡುಗಿಗೆ ದಾರಿ ಬಿಟ್ಟಳು. ಆ ಹುಡುಗಿ ಕೈಯೆತ್ತಿ ಹೋದಳು. ಅಷ್ಟು ಚೆಂದವಾಗಿ ಅವಳು ಆ ದೇಶದಲ್ಲಿ ಎಂದೂ ಓಡಿಸಿರಲಿಲ್ಲ.

ಆ ದಿನ ಊರಲ್ಲಿ ಅಗ್ನಿಶಾಮಕ ದಳದವರ ಹಬ್ಬವಿತ್ತು. ಕುಡಿದು ಓಡಿಸುವವರನ್ನು ಹಿಡಿಯಲೆಂದು ಊರ ಬಾಗಿಲಲ್ಲಿ ಪೊಲೀಸರು ನಿಂತು ಒಂದೊಂದೇ ಕಾರು ತಡೆದು ನೋಡುತ್ತಿದ್ದರು. ಅವಳ ಲೈಸೆನ್ಸು ನೋಡಿ, ಆ ದೇಶಕ್ಕೆ ಬಂದ ತಾರೀಖು ನೋಡಿ, ಪೊಲೀಸ್ ಹೆಂಗಸು ತಲೆಯಾಡಿಸಿದಳು. ಇಬ್ಬರನ್ನೂ ಕೆಳಗಿಳಿಸಿದರು. ಲೈಸೆನ್ಸಿಲ್ಲದವರಿಗೆ ಗಾಡಿ ಕೊಟ್ಟ ಮಾಲೀಕನೂ ಅಲ್ಲಿ ತಪ್ಪಿತಸ್ಥ. ಸುಭಾಷನಿಗೆ ಅದು ಗೊತ್ತಿತ್ತು. ಅವನ ಅಮಲು ಒಮ್ಮೆಲೇ ಇಳಿದಂತಿತ್ತು. ಅವಳ ಕಡೆ ನೋಡದೆ, ಸ್ಪಷ್ಟವಾದ ಜರ್ಮನ್ನಿನಲ್ಲಿ, ರೋಗಿಯ ಸ್ಥಿತಿ ವರದಿ ಮಾಡುವ ದನಿಯಲ್ಲಿ ಅವನು ಹೇಳಿದ:

"ಝೀ ಹಾಟ್ ಡೆನ್ ಶ್ಲುಸೆಲ್ ಗೆನೊಮೆನ್."

ಅವಳೇ ಕೀಲಿ ತಗೊಂಡಳು.

ನಾನು ಕುಡಿದಿದ್ದೆ, ನಿದ್ದೆ ಹತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ ಎಂದೂ ಸೇರಿಸಿದ. ಅಲ್ಲಿಯ ನೂರು ಮಾತು ಅವಳಿಗೆ ತಿಳಿಯುತ್ತಿರಲಿಲ್ಲ. ಈ ಮಾತು ತಿಳಿಯಿತು. ಒಲೆಯ ಮುಂದೆ ನಿಂತು ಕಲಿತ ಶಬ್ದಗಳು.

ಪೊಲೀಸ್ ಹೆಂಗಸು ಅವಳ ಕಡೆ ತಿರುಗಿ ನಿಧಾನವಾಗಿ, ಮಕ್ಕಳಿಗೆ ಕೇಳುವಂತೆ ಕೇಳಿದಳು. ಇದು ನಿಜವೇ? ಆಗ ಸುಭಾಷ ಮೊದಲ ಸಲ ಅವಳನ್ನು ನೋಡಿದ. ಲಾರಿ ಎದುರಾದಾಗ ಹಿಂದೆ ಅವನ ಮುಖ ಹೇಗಾಗುತ್ತಿತ್ತೋ ಹಾಗೆಯೇ ಇತ್ತು. ಅಲ್ಲ ಎನ್ನಬಹುದಿತ್ತು. ಅಲ್ಲ ಎಂದ ಮೇಲೆ ಹೇಳಬೇಕಾದ ಮಾತುಗಳು ಅವಳ ಬಳಿ ಇರಲಿಲ್ಲ. ಕೆಲಸ, ವೀಸಾ, ಬ್ಯಾಡಗಿಯಲ್ಲಿ ಮಗನ ಹೆಸರು ಹೇಳಿಕೊಂಡು ಬೀಗುವ ಮಾವ, ಎಲ್ಲವೂ ಆ ಒಂದು ಉಸಿರಿನಲ್ಲಿ ಕಣ್ಣ ಮುಂದೆ ಬಂದವು.

"ಯಾ," ಎಂದಳು. ಹೌದು.

ಕೋರ್ಟಿನಿಂದ ಕಾಗದ ಬಂತು. ದಂಡ ಹಾಕಿದ್ದರು, ಮುಂದಿನ ಕೆಲವು ತಿಂಗಳು ಅವಳಿಗೆ ಲೈಸೆನ್ಸು ಕೊಡಕೂಡದು ಎಂದಿದ್ದರು. ಸುಭಾಷನ ಕೆಲಸ ಉಳಿಯಿತು. "ಬ್ಯಾರೆ ದಾರಿನ ಇರಲಿಲ್ಲ ಸುಧಾ," ಎಂದು ಅವನು ಆ ದಿನ ಅವಳ ಕೈ ಹಿಡಿದು ಅತ್ತಿದ್ದ. ಅವಳೂ ನಂಬಿದ್ದಳು. ಹೊಟ್ಟೆಯ ಪ್ರಶ್ನೆ, ಬಿಡು, ಎಂದು ತಾನೇ ಅವನನ್ನು ಸಮಾಧಾನ ಮಾಡಿದಳು. ಅದು ಅಲ್ಲಿಗೇ ಮುಗಿದಿದ್ದರೆ ಮುಂದಿನದೆಲ್ಲ ನಡೆಯುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಸುಭಾಷ ಒಳಗೆ ತಾಯಿಯ ಜತೆ ಫೋನಿನಲ್ಲಿ ಮಾತಾಡುತ್ತಿದ್ದುದು ಅವಳ ಕಿವಿಗೆ ಬಿತ್ತು.

"ಏನ ಹೇಳ್ಲಿ ಬೇ ಯವ್ವಾ. ಬ್ಯಾಡ ಬ್ಯಾಡ ಅಂದೆ, ಕೇಳಲಿಲ್ಲ. ನಾ ಮಲಗಿದಾಗ ಕೀಲಿ ತಗೊಂಡು ಹೊಂಟ್ಳು. ಊರಾಗ ಮೆರದಾಕಿ ಅಲ್ಲನು, ಇಲ್ಲೂ ಹಂಗ ಅನಕೊಂಡಾಳ. ಪೊಲೀಸರ ಮುಂದ ನನ್ನ ಮಾನ ಹೋತು."

ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ಅವಳು ಒಳಗೆ ಬಂದು ನಿಂತಳು. ಅವನು ಫೋನು ಇಟ್ಟ.

"ಪೊಲೀಸರಿಗೆ ಹೇಳಿದ್ದು ಕೆಲಸಕ್ಕ ಅಂತ ತಿಳಕೊಂಡಿದ್ದೆ. ನಿಮ್ಮವ್ವಗ ಹೇಳಿದ್ದು ಯಾತಕ್ಕ?"

"ಅವರಿವರ ಕಡಿಂದ ಗೊತ್ತಾಗೂಕಿಂತ ನಾನ ಹೇಳೂದು ಚೊಲೊ ಅಂತ—"

"ಖರೇ ಹೇಳಬೇಕಿತ್ತಲ್ಲ. ನಿಮ್ಮವ್ವ ಏನ ಕೋರ್ಟ?"

ತಾನು ಹೆಂಡತಿಯ ಕೈಗೆ ಕೀಲಿ ಕೊಟ್ಟು ಪಕ್ಕದಲ್ಲಿ ಕೂತು ಬಂದೆ ಎಂದು ಹೇಳಲಾರದವನು, ಹೆಂಡತಿ ಮಾತು ಮೀರಿದವಳು ಎಂದು ಹೇಳಬಲ್ಲವನಾಗಿದ್ದ. ಬಹುಶಃ ಆ ಹೊತ್ತಿಗೆ ಅವನಿಗೂ ಹಾಗೆಯೇ ನಡೆಯಿತೆಂದು ಅನ್ನಿಸತೊಡಗಿತ್ತು. ದೀಪಾವಳಿಗೆ ಮುಂಚೆ ಅವಳು ಒಬ್ಬಳೇ ಊರಿಗೆ ವಾಪಸು ಬಂದಳು. ತಾಯಿಗೆ ಹುಷಾರಿಲ್ಲ ಎಂದು ಇಬ್ಬರೂ ಅಲ್ಲಿಯವರಿಗೆ ಹೇಳಿದರು. ಹೊಳಿಯವ್ವ ಗಟ್ಟಿಮುಟ್ಟಾಗಿಯೇ ಇದ್ದಳು.

ಅವಳಿಗಿಂತ ಮೊದಲು ಅವಳ ಸುದ್ದಿ ಬಂದು ಮುಟ್ಟಿತ್ತು. ಬ್ಯಾಡಗಿಯ ಪೇಟೆಯಿಂದ ಹಾವೇರಿಯ ಆಸ್ಪತ್ರೆಗೆ, ಅಲ್ಲಿಂದ ರಾಣೆಬೆನ್ನೂರಿಗೆ. ಲೈಸೆನ್ಸ್ ಪರೀಕ್ಷೆಯಲ್ಲಿ ಬಿದ್ದಳಂತೆ, ಗಂಡನ ಕಾರು ಕದ್ದು ಓಡಿಸಿದಳಂತೆ, ಪೊಲೀಸರು ಹಿಡಿದರಂತೆ, ಗಂಡ ಕಳಿಸಿಬಿಟ್ಟನಂತೆ. ಮೇಡ್ಲೇರಿ ರಸ್ತೆಯ ಸ್ಕೂಲಿನ ಮುಂದೆ ನಿಂತಾಗ ಬೋರ್ಡು ಹೊಸದಾಗಿತ್ತು. 'ಅಸ್ಲಮ್ ಮೋಟಾರ್ ಡ್ರೈವಿಂಗ್ ಸ್ಕೂಲ್.' ಅಸ್ಲಮ್ ಕುರ್ಚಿ ಒರೆಸಿ ಕೂರಿಸಿದ, ಚಹಾ ತರಿಸಿದ, ಅವಳ ಮುಖ ಮಾತ್ರ ನೋಡಲಿಲ್ಲ.

"ಅಕ್ಕಾ, ತಪ್ಪ ತಿಳಿಬ್ಯಾಡ್ರಿ. ಮಂದಿ ಬಂದು ಬೋರ್ಡ್ ನೋಡಿ, ಇದು ಆಕೀದ ಅಲ್ಲನು, ಅಂತ ಕೇಳಾಕ ಹತ್ತಿದ್ರು. ಪೊಲೀಸ್ ಕೇಸು ಅದು ಇದು ಅಂತ. ಹೆಣ್ಣಮಕ್ಕಳನ್ನ ಕಳಸವರು ಹಿಂದಮುಂದ ನೋಡತಾರ್ರಿ."

"ನೀ ಏನ ಹೇಳಿದಿ ಅವರಿಗೆ?"

"ನಾ ಏನ ಹೇಳಲ್ರಿ ಅಕ್ಕಾ. ನನಗೇನ ಗೊತ್ತೈತಿ?"

"ನನ್ನನ್ನ ಕೇಳಬಹುದಿತ್ತಲ್ಲೋ. ಫೋನ್ ಇತ್ತು ನನ್ನ ಕಡೆ."

ಅಸ್ಲಮ್ ತಲೆ ತಗ್ಗಿಸಿದ. ಅವನಿಗೆ ಇಬ್ಬರು ಮಕ್ಕಳು, ಕೆಟ್ಟವನೇನಲ್ಲ. ಬೆಳಗಿನ ಹೆಂಗಸರ ಪಾಠ ಅವಳೇ ನೋಡಿಕೊಳ್ಳಲಿ, ಆದರೆ ಬೋರ್ಡು ಹೀಗೇ ಇರಲಿ ಎಂದ. ಒಂದು ವಾರ ಮನೆಯಲ್ಲಿ ಕೂತು ನೋಡಿ, ಸುಧಾರಾಣಿ ಒಪ್ಪಿಕೊಂಡಳು. ತಾನು ಕೊಂಡ ಕಾರಿನ ಎಡಸೀಟಿನಲ್ಲಿ ಅವನ ಸಂಬಳಕ್ಕೆ ಕೂತಳು.

ಆಗ ಇನ್ನೊಂದು ತಾಪತ್ರಯ ಶುರುವಾಯಿತು. ಅಲ್ಲಿ ಎಷ್ಟು ತಿದ್ದಿದರೂ ಮೈಗೆ ಹತ್ತದ ಅಭ್ಯಾಸ ಇಲ್ಲಿ ಬಂದ ಮೇಲೆ ಹತ್ತಿಬಿಟ್ಟಿತ್ತು. ಹಲಗೇರಿ ರಸ್ತೆಗೆ ಬಲಗಡೆಯಿಂದ ಒಂದು ಬೈಕು ಸೇರುವುದು ಕಂಡರೆ ಅವಳ ಕಾಲು ತಾನಾಗಿ ಬ್ರೇಕು ಒತ್ತುತ್ತಿತ್ತು. ಹಿಂದಿನಿಂದ ಹಾರ್ನುಗಳ ಮಳೆ. ಒಂದು ದಿನ ಹಿಂದಿನ ಮೆಣಸಿನಕಾಯಿ ಲಾರಿಯವನು ಪಕ್ಕಕ್ಕೆ ಬಂದು ಕಿಟಕಿಯಿಂದ ಬಾಗಿ, "ಏ ಬಾಯಾರ, ಗಾಡಿ ಹೊಡಿಯಾಕ ಬರ್ತೈತೋ ಇಲ್ಲೋ?" ಎಂದು ಕೂಗಿದ. ಸ್ಟೇರಿಂಗ್ ಹಿಡಿದಿದ್ದ ಬ್ಯಾಂಕಿನ ಹುಡುಗಿ ಸುಧಾರಾಣಿಯ ಕಡೆ ನೋಡಿದಳು. ತಾನು ಬ್ರೇಕು ಒತ್ತಿರಲಿಲ್ಲ ಎಂದು ಆ ಹುಡುಗಿಗೆ ಗೊತ್ತಿತ್ತು.

ಮಾಘ ಮಾಸದಲ್ಲಿ ಸುಭಾಷ ರಜೆಗೆ ಬಂದ. ಮಾವ ಮಲ್ಲೇಶಪ್ಪ ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಕೆಲಸ ಮಾಡಿ ಬಿಟ್ಟವನು, ಹಿರಿಯ ಮನುಷ್ಯ. ಅವನೇ ಫೋನು ಮಾಡಿ ಮನೆಗೆ ಬರಲು ಹೇಳಿದ. ಲೈಸೆನ್ಸಿನ ತಡೆಯೂ ಮುಗಿಯುತ್ತ ಬಂದಿದೆ, ಸುಭಾಷ ಕರಕೊಂಡು ಹೋಗಲಿಕ್ಕೇ ಬಂದಿದ್ದಾನೆ ಎಂದ. ಸುಧಾರಾಣಿ ಅಸ್ಲಮ್‌ನನ್ನು ಕೇಳಿ ಸ್ಕೂಲಿನ ಕಾರು ತಗೊಂಡು ಬ್ಯಾಡಗಿಗೆ ಹೋದಳು. ಪೇಟೆಯ ತುಂಬ ಕೆಂಪು ರಾಶಿಗಳು, ಘಾಟು ಮನೆಯ ಒಳಗಿನವರೆಗೂ ಬರುತ್ತಿತ್ತು. ಸುಭಾಷ ಒಂದು ಸುತ್ತು ದಪ್ಪಗಾಗಿದ್ದ. ಚೌಡವ್ವ ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

ಮಲ್ಲೇಶಪ್ಪ ಗಂಟಲು ಸರಿಮಾಡಿಕೊಂಡ. "ನೋಡವಾ, ಆಗಿದ್ದು ಆಗಿ ಹೋತು. ತಪ್ಪು ಯಾರ ಕಡಿಂದರ ಆಕ್ಕತಿ. ಹುಡುಗ ಅದನ್ನೆಲ್ಲಾ ಹೊಟ್ಯಾಗ ಹಾಕ್ಕೊಂಡು ಕರಿಯಾಕ ಬಂದಾನ."

"ಯಾರ ತಪ್ಪು ಮಾವಾ?"

ಮಲ್ಲೇಶಪ್ಪ ಮಗನ ಕಡೆ ನೋಡಿದ. ಸುಧಾರಾಣಿ ಗಂಡನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ.

"ಸುಭಾಷ, ಅವತ್ತ ಪೊಲೀಸರಿಗೆ ಜರ್ಮನ್ನಿನ್ಯಾಗ ಏನ ಹೇಳಿದಿ, ಅದನ್ನ ಇಲ್ಲಿ ಕನ್ನಡದಾಗ ಹೇಳು. ಆಮ್ಯಾಲ ಖರೇ ಏನ ನಡೀತು ಅನ್ನೂದನ್ನೂ ಹೇಳು. ಕೀಲಿ ಯಾರು ಕೊಟ್ರು ಅಂತ. ಅಷ್ಟ ಸಾಕು ನನಗ. ಕಾರಿನ್ಯಾಗ ಚೀಲ ತುಂಬಿ ಇಟಗೊಂಡ ಬಂದೇನಿ, ಇಲ್ಲಿಂದನ ನಿನ್ನ ಜೋಡಿ ಬರ್ತೇನಿ."

ಸುಭಾಷ ತಾಯಿಯನ್ನು ನೋಡಿದ, ತಂದೆಯನ್ನು ನೋಡಿದ. ಅವನ ಬಾಯಿ ಒಮ್ಮೆ ತೆರೆಯಿತು. ಅವನು ಹೇಳಿಯೇ ಬಿಡುತ್ತಾನೆ ಎಂದು ಅವಳಿಗೆ ಆ ಕ್ಷಣ ಅನ್ನಿಸಿತು.

"ಅದೆಲ್ಲಾ ಈಗ ಯಾಕ ಸುಧಾ," ಎಂದ. "ಹಳೇದು ಕೆದರಿ ಏನ ಉಪಯೋಗ?"

"ಗಂಡನ್ನ ಮನಿ ಮಂದಿ ಮುಂದ ನಿಂದ್ರಿಸಿ ವಿಚಾರಣಿ ಮಾಡ್ತೀಯಲ್ಲ," ಎಂದಳು ಚೌಡವ್ವ. "ಇಷ್ಟು ಸೊಕ್ಕು ಇದ್ದದ್ದಕ್ಕ ನೋಡು, ಪರದೇಶದಾಗ ಪೊಲೀಸರ ಕೈಗೆ ಸಿಕ್ಕಿ."

ಅತ್ತೆ ತಂದಿಟ್ಟ ನೀರನ್ನು ಸುಧಾರಾಣಿ ಕುಡಿದಳು, ಲೋಟ ಕೆಳಗಿಟ್ಟಳು, ಮಾವನ ಕಾಲು ಮುಟ್ಟಿ ಹೊರಗೆ ಬಂದಳು. ಸುಭಾಷ ಬಾಗಿಲವರೆಗೆ ಬಂದ. ಕಾರಿನ ತನಕ ಬರಲಿಲ್ಲ.

ಹಲಗೇರಿಯ ಮನೆಯಲ್ಲಿ ಹೊಳಿಯವ್ವ ಮಗಳ ಕೈಯಲ್ಲಿ ಚೀಲ ನೋಡಿ ಹಸಿಮೆಣಸಿನಕಾಯಿಯ ತೊಟ್ಟು ಬಿಡಿಸುವುದನ್ನು ನಿಲ್ಲಿಸಿದಳು.

"ಹೇಳಲಿಲ್ಲೇನು?"

"ಇಲ್ಲ."

"ಹೇಳಂಗಿಲ್ಲ ಅಂತ ಗೊತ್ತಿದ್ದಿಲ್ಲೇನು ನಿನಗ?"

"ಗೊತ್ತಿತ್ತು."

"ಮತ್ತ ಚೀಲ ಯಾಕ ಒಯ್ದಿ?"

ಸುಧಾರಾಣಿ ಒಳಗೆ ಹೋದಳು. ಚೀಲದಿಂದ ಬಟ್ಟೆಗಳನ್ನು ಒಂದೊಂದೇ ತೆಗೆದು ಟ್ರಂಕಿಗೆ ಹಾಕಿದಳು. ಚಳಿಗೆಂದು ಅಲ್ಲಿ ತಗೊಂಡಿದ್ದ ದಪ್ಪ ಕೋಟು ಟ್ರಂಕಿನಲ್ಲಿ ಹಿಡಿಸಲಿಲ್ಲ. ಎಷ್ಟು ಮಡಚಿ ಒತ್ತಿದರೂ ಮುಚ್ಚಳ ಕೂರಲಿಲ್ಲ. ಕೊನೆಗೆ ಅದರ ಮೇಲೆ ಕೂತು ಬಹಳ ಹೊತ್ತು ಅತ್ತಳು. ಹೊಳಿಯವ್ವ ಅಡುಗೆಮನೆಯಿಂದ ಎದ್ದು ಬರಲಿಲ್ಲ. ಮೆಣಸಿನ ಕೈ, ಕಣ್ಣೀರು ಒರೆಸಲು ಬಾರದು ಎಂದು ಆಮೇಲೆ ಹೇಳಿದಳು.

ಸುಭಾಷ ಒಬ್ಬನೇ ವಾಪಸು ಹೋದ. ಹಾವೇರಿಯ ಕೋರ್ಟಿನಲ್ಲಿ ಈಗ ವಿಚ್ಛೇದನದ ಅರ್ಜಿ ಇದೆ, ಅದಕ್ಕೆ ಬೇಕಾದ ಕಾಗದಗಳಿಗೆ ಅವನು ಅಲ್ಲಿಂದಲೇ ಸಹಿ ಮಾಡಿ ಕಳಿಸುತ್ತಾನೆ. ಬ್ಯಾಡಗಿಯವರ ಪ್ರಕಾರ ಇಂದಿಗೂ ಅವಳು ಕೀಲಿ ತಗೊಂಡಾಕಿ. ರಾಣೆಬೆನ್ನೂರಿನಲ್ಲಿ ಕೆಲವರು ಹಾಗೆಯೇ ಅನ್ನುತ್ತಾರೆ, ಕೆಲವರು ಮರೆತಿದ್ದಾರೆ. ಸುಧಾರಾಣಿ ಯಾರನ್ನೂ ತಿದ್ದಲು ಹೋಗುವುದಿಲ್ಲ. ಪೊಲೀಸ್ ಹೆಂಗಸಿಗೆ ತಾನೇ ಹೌದು ಎಂದದ್ದು ಅವಳಿಗೆ ನೆನಪಿದೆ, ಆ ಒಂದು ಮಾತು ಆಡದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದನ್ನೂ ಬಿಟ್ಟಿದ್ದಾಳೆ. ಬೆಳಿಗ್ಗೆ ಹಲಗೇರಿಯಿಂದ ಮೊದಲ ಬಸ್ಸಿಗೆ ಬರುತ್ತಾಳೆ. ಹಾರ್ನು ಯಾವಾಗ ಹೊಡೆಯಬೇಕು ಎಂದು ಕಲಿಸುತ್ತಾಳೆ. 'ರಸ್ತೆ ಅಂದ್ರ ಮಾತುಕತಿ' ಎಂದು ಮಾತ್ರ ಈಗ ಹೇಳುವುದಿಲ್ಲ.